ಚಿಪ್ಪು ಒಡೆದು ಬಂದಾಕೆ

ಬಿಇ ಓದುವಾಗ ವಿಎಲ್‌ಎಸ್‌ಐ ಅಂದ್ರೆ ನಮಗೆ ಪರೀಕ್ಷೆಯ ಹಿಂದಿನ ರಾತ್ರಿಯ ಜೆರಾಕ್ಸ್ ನೋಟ್ಸು, ಅಷ್ಟೇ. ಆದರೆ ಚಿಪ್ ವಿನ್ಯಾಸ ಅನ್ನೋದು ಕೆಲವೇ ಕಂಪನಿಗಳ ಗುಟ್ಟಾಗಿದ್ದ ಕಾಲದಲ್ಲಿ, ಅದನ್ನ ಕಾಲೇಜು ಹುಡುಗರೂ ಕಲಿಯುವ ಪಾಠವಾಗಿಸಿದ್ದು ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೆ ಜೊತೆಯಾಗಿ ಬರೆದ ಒಂದು ಪುಸ್ತಕ. ಈ ಲಿನ್ ಯಾರು ಅಂತ ನಮ್ಮ ಮೇಷ್ಟ್ರು ಯಾರೂ ಹೇಳಲಿಲ್ಲ. ಹೇಳಬೇಕಿತ್ತು.

1938ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಲಿನ್ ಅವರನ್ನು ಗಂಡುಮಗ ಅಂತಲೇ ಬೆಳೆಸಿದರು. ತಾನು ಹೆಣ್ಣು ಅನ್ನೋದು ಒಳಗೆ ಚಿಕ್ಕಂದಿನಿಂದ ಗೊತ್ತಿತ್ತು. 1964ರಲ್ಲಿ ಐಬಿಎಂ ಸೇರಿ, ಅಲ್ಲಿನ ಸೂಪರ್ ಕಂಪ್ಯೂಟರ್ ಯೋಜನೆಯಲ್ಲಿ ಕೆಲಸ ಮಾಡಿದರು. ನಮ್ಮೂರಿನ ಹಿಟ್ಟಿನ ಗಿರಣಿಯಲ್ಲಿ ಮುಂದೆ ನಿಂತವರ ರಾಗಿ ಇನ್ನೂ ಬಂದಿಲ್ಲ ಅಂದ್ರೆ ಮಿಷನ್ ಖಾಲಿ ಓಡಿಸಲ್ಲ, ಹಿಂದಿನವರ ಡಬ್ಬ ಸುರೀತಾರೆ. ಕಂಪ್ಯೂಟರಿನೊಳಗೆ ಸಿದ್ಧವಿರುವ ಆದೇಶಗಳನ್ನು ಹಾಗೇ ಮುಂದಕ್ಕೆ ಬಿಡುವ ಒಂದು ಉಪಾಯ ಆಕೆಯದು.

1968ರಲ್ಲಿ, ತಾನು ಹೆಣ್ಣಾಗಿ ಬದುಕಲು ಹೊರಟಿರುವುದನ್ನು ಕಂಪನಿಗೆ ತಿಳಿಸಿದರು. ಐಬಿಎಂ ಕೆಲಸದಿಂದ ತೆಗೆದುಹಾಕಿತು. ಮದುವೆಯಾಗಿತ್ತು, ಇಬ್ಬರು ಹೆಣ್ಣುಮಕ್ಕಳಿದ್ದರು. ಮಕ್ಕಳನ್ನು ನೋಡುವ ದಾರಿಯೂ ಮುಚ್ಚಿತು. ಆಗ ಆಕೆಗೆ ಮೂವತ್ತು ವರ್ಷ. ನಮ್ಮ ವಯಸ್ಸು ಅನ್ನಿ. ನಿಮ್ಮ ರೆಸ್ಯೂಮೆಯಲ್ಲಿರೋ ಅಷ್ಟೂ ಅನುಭವ ಅಳಿಸಿ, ಹೊಸ ಹೆಸರಲ್ಲಿ ಮೊದಲಿಂದ ಶುರು ಮಾಡಿ ಅಂದ್ರೆ ಹೇಗಿರುತ್ತೆ?

ಆಕೆ ಶುರು ಮಾಡಿದರು. ಗುತ್ತಿಗೆ ಪ್ರೋಗ್ರಾಮರ್ ಆಗಿ ದುಡಿದು, 1973ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರ ಸೇರಿದರು. 1978ರಲ್ಲಿ ಎಂಐಟಿಯಲ್ಲಿ ಪಾಠ ಮಾಡಿದಾಗ, ವಿದ್ಯಾರ್ಥಿಗಳು ತಾವು ಬರೆದ ವಿನ್ಯಾಸ ನಿಜವಾದ ಚಿಪ್ ಆಗಿ ಕೈಗೆ ಬಂದದ್ದನ್ನು ಕಂಡರು. ಇಷ್ಟೆಲ್ಲ ಹೆಸರು ಬಂದರೂ ಹಳೆಯ ಕಥೆ ಬಾಯಿ ಬಿಡುವ ಹಾಗಿರಲಿಲ್ಲ. ಗೊತ್ತಾದ್ರೆ ಈ ಕೆಲಸವೂ ಹೋದೀತು ಅನ್ನೋ ಭಯ. ಹಾಗೇ ಮೂವತ್ತು ವರ್ಷ ಕಳೆಯಿತು.

1999ರ ಹೊತ್ತಿಗೆ ಇತಿಹಾಸಕಾರರೊಬ್ಬರು ಐಬಿಎಂನ ಆ ಹಳೇ ಯೋಜನೆಯನ್ನು ಕೆದಕತೊಡಗಿದರು. ಇನ್ನು ಗುಟ್ಟು ಉಳಿಯಲ್ಲ ಅಂತ ಗೊತ್ತಾಗಿ, ಲಿನ್ ತಾವೇ ಹೇಳಿಕೊಂಡರು. ಅಲ್ಲಿಗೆ ಸುಮ್ಮನಾಗಲಿಲ್ಲ. ತಮ್ಮ ವೆಬ್‌ಸೈಟಿನಲ್ಲಿ ತಮ್ಮಂತೆಯೇ ಬದಲಾಗಿ, ಚೆನ್ನಾಗಿ ಬದುಕು ಕಟ್ಟಿಕೊಂಡವರ ಕಥೆಗಳನ್ನು ಸಾಲಾಗಿ ಇಟ್ಟರು. ಇಂಜಿನಿಯರುಗಳ ಸಂಸ್ಥೆ ಐಇಇಇ ತನ್ನ ನೀತಿಸಂಹಿತೆಯಲ್ಲಿ ಲಿಂಗ ಗುರುತಿನ ತಾರತಮ್ಯ ಸಲ್ಲದು ಅಂತ 2014ರಲ್ಲಿ ಸೇರಿಸಿತು. ಅದರ ಹಿಂದೆಯೂ ಆಕೆಯ ಒತ್ತಾಯವಿತ್ತು.

ನನಗೆ ಆಕೆಯ ಚಿಪ್‌ಗಳಿಗಿಂತ ಆ ಕಥೆಗಳ ಸಾಲೇ ದೊಡ್ಡದು ಅನ್ಸುತ್ತೆ. ಊರಲ್ಲಿ ಬೆಳೆದ ನಮಗೆ ಇಂಥವರು ಕಂಡದ್ದು ಜಾತ್ರೆಯಲ್ಲಿ, ಆಮೇಲೆ ಬೆಂಗಳೂರಿನ ಸಿಗ್ನಲ್‌ನಲ್ಲಿ. ಆಫೀಸಿನ ಪಕ್ಕದ ಸೀಟಲ್ಲಿ ಕಂಡವರು ತೀರಾ ಕಡಿಮೆ. ಮನೆಯಲ್ಲಿ ಒಬ್ಬ ಮಗ ‘ನಾನು ಹೆಣ್ಣು’ ಅಂದಾಗ ಅಪ್ಪ-ಅಮ್ಮನನ್ನು ಕಾಡುವ ಭಯಗಳಲ್ಲಿ ಹೊಟ್ಟೆಪಾಡಿನದೂ ಒಂದು. ಅದಕ್ಕೆ ಭಾಷಣ ಉತ್ತರವಲ್ಲ, ತಿಂಗಳ ಸಂಬಳ ಉತ್ತರ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ನೌಕರಿಗಳಲ್ಲಿ ಶೇ 1 ಮೀಸಲಾತಿ ಕೊಟ್ಟಿದ್ದು ಅದಕ್ಕೇ ಮುಖ್ಯ.

ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ, 52 ವರ್ಷ ತಡವಾಗಿ. ಆಗ ಲಿನ್‌ಗೆ 82. 2024ರ ಜೂನ್‌ನಲ್ಲಿ ತೀರಿಕೊಂಡರು. ಅದೇ ಜೂನ್‌ನಲ್ಲಿ ಪ್ರತಿ ವರ್ಷ ಕಂಪನಿಗಳ ಲೋಗೋಗಳು ಕಾಮನಬಿಲ್ಲಿನ ಬಣ್ಣಕ್ಕೆ ತಿರುಗುತ್ತವೆ. ತಿರುಗಲಿ, ಬೇಡ ಅನ್ನಲ್ಲ. ಆದರೆ ಇಂಟರ್‌ವ್ಯೂ ತಗೊಳ್ಳೋಕೆ ಕೂರೋದು ನಾನು, ನೀವು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇರೋ ಅಭ್ಯರ್ಥಿ ಎದುರು ಬಂದು ಕೂತರೆ, ಕೋಡ್ ಬಗ್ಗೆ ಕೇಳಿ, ಸಾಕು.