ಕೋಳಿಮರಿಯ ಉಸಿರು

ಕೋಳಿಮರಿಗೆ ಉಬ್ಬಸ ಬಂದಿದೆ ಎಂದರೆ ನಗದೆ ಇರುವವರು ಕಡಿಮೆ. ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಗಣಿತದ ಮೇಷ್ಟ್ರು, "ಇನ್‌ಹೇಲರ್ ಕೊಡಿಸಿ ಮೇಡಂ" ಎಂದರು. ಅವರಿಗೇ ಉಬ್ಬಸವಿದೆ, ಜೇಬಿನಲ್ಲಿ ಆ ನೀಲಿ ಕೊಳವೆ ಸದಾ ಇರುತ್ತದೆ. ಆ ಮಾತನ್ನಾಡುವ ಹಕ್ಕು ಅವರಿಗಿದೆ ಎಂದು ಸುಮ್ಮನಾದೆ. ಮರಿಯ ಬೆಲೆ ಎಷ್ಟು, ಅದಕ್ಕಾಗಿ ಪಡುವ ಪಾಡು ಎಷ್ಟು ಎಂಬ ಲೆಕ್ಕವೂ ಅಲ್ಲೇ ನಡೆಯಿತು. ಆದರೆ ಮರಿ ನನ್ನದಲ್ಲ, ಹೂವಿನಮ್ಮನದು. ಆಕೆಯ ಲೆಕ್ಕವೇ ಬೇರೆ.

ಹೂವಿನಮ್ಮ ನಮ್ಮ ಹಿಂದಿನ ಬೀದಿಯಾಕೆ. ಮೊಳದ ಲೆಕ್ಕದಲ್ಲಿ ಹೂ ಮಾರಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ. ಆಷಾಢ ಬಂತೆಂದರೆ ಮದುವೆ ಮುಂಜಿಗಳಿಲ್ಲ, ಹೂವಿಗೆ ಗಿರಾಕಿಯಿಲ್ಲ. ಸಕಲೇಶಪುರದ ಕಡೆಯ ಮಳೆಯಲ್ಲಿ ಬುಟ್ಟಿ ಹೊತ್ತು ತಿರುಗುವುದೂ ಆಗದು. ಅದಕ್ಕೇ ಮಹಿಳಾ ಸಂಘದಲ್ಲಿ ಸಾಲ ತೆಗೆದು ಹದಿನೈದು ಗಿರಿರಾಜ ಮರಿಗಳನ್ನು ತಂದಿದ್ದಳು. ಗಿರಿರಾಜ ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ಹಿತ್ತಲಲ್ಲಿ ಕೋಳಿ ಸಾಕುವವರಿಗಾಗಿ ರೂಪುಗೊಂಡ ತಳಿ. ಮೈಯೂ ಬರುತ್ತದೆ, ಮೊಟ್ಟೆಯೂ ಸಿಗುತ್ತದೆ. ಹುಂಜಗಳನ್ನು ಮಾರಿ ಸಾಲ ತೀರಿಸುವುದು, ಹೇಂಟೆಗಳನ್ನು ಉಳಿಸಿಕೊಂಡು ಮೊಟ್ಟೆ ದುಡ್ಡಿನಲ್ಲಿ ಮಗಳ ಪಿ.ಯು.ಸಿ. ಪುಸ್ತಕ ಕೊಳ್ಳುವುದು ಎಂದು ಆಕೆ ಎಣಿಸಿದ್ದಳು.

ಹತ್ತು ದಿನವಾಗುವಷ್ಟರಲ್ಲಿ ಒಂದೇ ರಾತ್ರಿ ಎರಡು ಮರಿ ಸತ್ತವು. ಮೂರನೆಯದು ಮೂಲೆಯಲ್ಲಿ ಕತ್ತು ನೀಡಿಕೊಂಡು, ಬಾಯಿ ತೆರೆದು ತೆರೆದು ಉಸಿರೆಳೆಯುತ್ತಿತ್ತು. "ಇದೂ ಹೋಗತ್ತೆ ಟೀಚರಮ್ಮ. ಉಳಿದವಕ್ಕೆ ಅಂಟೋಕ್ ಮುಂಚೆ ಕತ್ತು ತಿರುವಿಬಿಡ್ತೀನಿ" ಎಂದಳು. ಆ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಸಂಘದ ಸೋಮವಾರದ ಕಂತು ಇತ್ತು. ಅಂದು ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನದವರೆಗೆ ತಡೆದುಕೋ ಎಂದು ಹೇಳಿಹೋದೆ. ಶಾಲೆ ಬಿಟ್ಟು ಬಂದವಳೇ ಜೀವವಿದ್ದ ಮರಿಯನ್ನು ಬಟ್ಟೆಯ ಚೀಲದಲ್ಲೂ ಸತ್ತ ಮರಿಯೊಂದನ್ನು ಪೇಪರಿನಲ್ಲೂ ಸುತ್ತಿಕೊಂಡು, ಆಕೆಯ ಜೊತೆ ದನದ ಆಸ್ಪತ್ರೆಗೆ ಹೊರಟೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಟ್ಟಿಗೆ ಎಷ್ಟು ಸತ್ತವು, ಅಕ್ಕಪಕ್ಕದ ಮನೆಗಳಲ್ಲೂ ಕೋಳಿ ಸಾಯುತ್ತಿವೆಯೇ ಎಂದು ಮೊದಲು ಕೇಳಿದರು. 2012ರಲ್ಲಿ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ನೆನಪಿದ್ದವರಿಗೆ ಆ ಪ್ರಶ್ನೆ ಏಕೆಂದು ತಿಳಿಯುತ್ತದೆ. ಅಂಥದ್ದೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮರಿಯನ್ನು ಕಿವಿಯ ಬಳಿ ಹಿಡಿದು, "ಸದ್ದು ಕೇಳಿಸುತ್ತಾ, ನೋಡಿ" ಎಂದು ನನಗೆ ಕೊಟ್ಟರು. ನಾನು ಕಿವಿಗೊಟ್ಟೆ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದಿಲ್ಲ.

ಗೊರಗೊರ ಸದ್ದಾಗಿ, ಮೂಗು ಸೋರಿ, ಕಣ್ಣಿನಲ್ಲಿ ನೊರೆ ಕಂಡರೆ ಅದು ಸಾಮಾನ್ಯವಾಗಿ ಮೈಕೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯ ಕಾಟ, ಅದಕ್ಕೆ ಔಷಧಿಯುಂಟು. ಹಸಿರು ಭೇದಿ, ಜೋಲುವ ರೆಕ್ಕೆ, ಸೊಟ್ಟಗಾದ ಕತ್ತು ಕಂಡರೆ ಕೊಕ್ಕರೆ ರೋಗ. ಅದು ವೈರಸ್, ಬಂದ ಮೇಲೆ ಮದ್ದಿಲ್ಲ. ಮೊದಲ ವಾರದಲ್ಲೇ ಕಣ್ಣಿಗೆ ಒಂದು ಹನಿ ಲಸಿಕೆ ಹಾಕಿಸಿ, ಮುಂದೆಯೂ ಹೇಳಿದ ಕಾಲಕ್ಕೆ ಹಾಕಿಸುತ್ತಿರಬೇಕು. ಈ ಕೊಕ್ಕರೆ ರೋಗಕ್ಕೆ ಪುಸ್ತಕದಲ್ಲಿ ರಾಣಿಖೇತ್ ಎಂಬ ಹೆಸರು. ಸಮಾಜ ಪಾಠ ಮಾಡುವ ನಾನು ಭೂಪಟದಲ್ಲಿ ಎಷ್ಟೋ ಸಲ ತೋರಿಸಿರುವ ಕುಮಾವೂನ್ ಬೆಟ್ಟದ ಚೆಂದದ ಊರು ಅದು. 1920ರ ದಶಕದಲ್ಲಿ ನಮ್ಮ ದೇಶದಲ್ಲಿ ಈ ರೋಗವನ್ನು ಗುರುತಿಸಿದ್ದು ಅಲ್ಲಿ. ಇಂಗ್ಲಿಷಿನವರು ಅದೇ ರೋಗಕ್ಕೆ ತಮ್ಮ ನ್ಯೂಕ್ಯಾಸಲ್ ಊರಿನ ಹೆಸರಿಟ್ಟಿದ್ದಾರೆ. ಪಾಪದ ಊರುಗಳು, ಯಾವುದೋ ಕೋಳಿಯ ಕರ್ಮಕ್ಕೆ ಸಿಕ್ಕಿಬಿದ್ದವು.

ಸದ್ದಿಲ್ಲದೆ ಬರೀ ಬಾಯಿ ಬಿಡುವ ಎಳೆಯ ಮರಿಯಾದರೆ ಬೂಷ್ಟಿನ ಮೇಲೆ ಅನುಮಾನ ಪಡಬೇಕು ಎಂದರು ಡಾಕ್ಟರು. ಸತ್ತ ಮರಿಯನ್ನು ಕೊಯ್ದು ನೋಡಿದ್ದರಿಂದ ಅನುಮಾನ ತೀರಿತು. ಶ್ವಾಸಕೋಶದಲ್ಲಿ ರಾಗಿಕಾಳಿನಂಥ ಹಳದಿ ಬಿಳುಪಿನ ಗಂಟುಗಳು. "ನೀವು ಹಾಸಿದ್ದು ಏನು?" ಎಂದು ಕೇಳಿದರು. ಭತ್ತದ ಹೊಟ್ಟು. ಮಿಲ್ಲಿನಿಂದ ತರುವಾಗಲೇ ಮೂಟೆ ಮಳೆಗೆ ನೆನೆದಿತ್ತಂತೆ. ಒದ್ದೆ ಹೊಟ್ಟು, ಅದಕ್ಕೆ ಅಡುಗೆಮನೆಯ ಒಲೆಯ ಬಿಸಿ. ಬೂಷ್ಟಿಗೆ ಇನ್ನೇನು ಬೇಕು? ಮರಿಗಳು ಕೆದಕಿದಾಗಲೆಲ್ಲ ಅದರ ಕಣ್ಣಿಗೆ ಕಾಣದ ಧೂಳು ಮೂಗಿಗೆ ಹೋಗಿ ಒಳಗೆ ಬೇರೂರಿದೆ.

ಹೂವಿನಮ್ಮ ಸೆರಗಿನ ಗಂಟಿನಿಂದ ಒಂದು ಪುಡಿಯ ಪೊಟ್ಟಣ ತೆಗೆದಳು. ಅಂಗಡಿಯವನು ಕೊಟ್ಟ ಆಂಟಿಬಯೋಟಿಕ್. ಬೂಷ್ಟಿಗೆ ಇದು ನಾಟುವುದಿಲ್ಲ, ಹಾಕಬೇಡಿ ಎಂದರು ಡಾಕ್ಟರು. ಮನುಷ್ಯರ ಕೊನೆಯ ಅಸ್ತ್ರದಂತಿರುವ ಕೊಲಿಸ್ಟಿನ್ ಎಂಬ ಔಷಧಿಯನ್ನೂ ಕೋಳಿಗಳಿಗೆ ತಿನ್ನಿಸುತ್ತಿದ್ದರೆಂದು, 2019ರಲ್ಲಿ ಕೇಂದ್ರ ಸರ್ಕಾರವೇ ಅದನ್ನು ನಿಷೇಧಿಸಬೇಕಾಯಿತು ಎಂದೂ ಹೇಳಿದರು. ಹೂವಿನಮ್ಮನಿಗೆ ಬೇಕಾದ ಸಮಾಚಾರ ಇನ್ನೊಂದಿತ್ತು. "ಅಂಟುತ್ತಾ ಮೇಡಮ್ಮೋರೆ?"

"ಮರಿಯಿಂದ ಮರಿಗೆ ಅಂಟೋದಿಲ್ಲಮ್ಮ. ಎಲ್ಲವೂ ಅದೇ ಹೊಟ್ಟಿನ ಮೇಲಿವೆ, ಅಷ್ಟೇ. ಅದನ್ನ ಇವತ್ತೇ ತೆಗೆದುಹಾಕು, ಮೂಗಿಗೆ ಬಟ್ಟೆ ಕಟ್ಕೊಂಡು."

ಬೂಷ್ಟು ಹಿಡಿದ ಮರಿಗೆ ಕೊಡಬಹುದಾದ ಒಳ್ಳೆಯ ಔಷಧಿಯಿಲ್ಲ, ಉಳಿದರೆ ಪುಣ್ಯ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಅಂಟುವುದಿಲ್ಲವೆಂದ ಮೇಲೆ ಕತ್ತು ತಿರುವುವ ಕಾರಣವಿಲ್ಲವಲ್ಲ. ಮರಿಯನ್ನು ನಾನು ಮನೆಗೆ ತಂದೆ.

ನಾನು ಬಿ.ಎ. ಓದಿದವಳು. ಕೋಳಿಗೆ ನಮ್ಮ ಹಾಗೆ ವಪೆಯಿಲ್ಲ, ಶ್ವಾಸಕೋಶದ ಜೊತೆಗೆ ಒಂಬತ್ತು ಗಾಳಿಚೀಲಗಳಿವೆ ಎಂಬುದು ಅಂದೇ ತಿಳಿದದ್ದು. ಎದೆಯ ಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಅದಕ್ಕೆ ಉಸಿರು. ಮುದ್ದಿನಿಂದಲೇ ಆಗಲಿ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ಮೂಗು ಬಾಯಿ ತೆರೆದಿದ್ದರೂ ಮರಿ ಉಸಿರುಗಟ್ಟಿ ಸಾಯುತ್ತದೆ. ನೀರನ್ನೂ ಬಾಯಿಗೆ ಸುರಿಯಬಾರದು. ಗಾಳಿಯ ದಾರಿ ನಾಲಗೆಯ ಹಿಂದೆಯೇ ತೆರೆದುಕೊಂಡಿರುತ್ತದೆ. ಕೊಕ್ಕಿನ ತುದಿಯನ್ನು ನೀರಿಗೆ ತಾಗಿಸಿದರೆ ಸಾಕು, ಅದೇ ಕತ್ತೆತ್ತಿ ಕುಡಿಯುತ್ತದೆ. ನಮ್ಮ ಅತ್ತೆಯವರು ಸಾಂಬ್ರಾಣಿ ಹೊಗೆ ಹಾಕು ಎಂದರು. ಅವರ ಎಷ್ಟೋ ಮನೆಮದ್ದುಗಳನ್ನು ನಾನು ಕಣ್ಣುಮುಚ್ಚಿ ಒಪ್ಪಿದ್ದೇನೆ. ಉಸಿರಿಗೆ ಒದ್ದಾಡುವ ಜೀವಕ್ಕೆ ಹೊಗೆ ಮಾತ್ರ ಬೇಡವೆಂದೆ. ಸೊಳ್ಳೆಬತ್ತಿಯನ್ನೂ ಆ ಕೋಣೆಯಿಂದ ತೆಗೆದೆ.

ಬೇಕಾದದ್ದು ಬೆಚ್ಚಗಿನ, ಒಣ, ಗಾಳಿಯಾಡುವ ಜಾಗ. ಮೊದಲ ವಾರದ ಮರಿಗೆ 35 ಡಿಗ್ರಿಯಷ್ಟು ಶಾಖ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತ ಬರಬೇಕು. ಕಾಯಿಲೆ ಮರಿಗೆ ಒಂದಿಷ್ಟು ಹೆಚ್ಚೇ ಇರಲಿ ಎಂದಿದ್ದರು. ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಚಳಿಯಾದರೆ ಮರಿ ದೀಪದಡಿಗೆ ಮುದುರುತ್ತದೆ, ಸೆಕೆಯಾದರೆ ದೂರ ಹೋಗಿ ಬಾಯಿ ತೆರೆಯುತ್ತದೆ. ಬಾಯಿ ತೆರೆದದ್ದೆಲ್ಲ ರೋಗವಲ್ಲ, ಬೆವರದ ಹಕ್ಕಿಗೆ ಸೆಕೆ ಕಳೆಯುವ ದಾರಿಯೇ ಅದು. ಆದರೆ ದೀಪ ಎಲ್ಲಿದೆ? ಈಗ ಎಲ್ಲರ ಮನೆಯಲ್ಲೂ ಎಲ್.ಇ.ಡಿ., ಬೆಳಕುಂಟು ಬಿಸಿಯಿಲ್ಲ. ಮೂರು ಅಂಗಡಿ ಅಲೆದ ಮೇಲೆ ಒಬ್ಬರು ಅಟ್ಟದ ಮೇಲಿಂದ ಧೂಳು ಹಿಡಿದ ಅರವತ್ತು ವ್ಯಾಟಿನ ಹಳೆಯ ಬಲ್ಬನ್ನು ಇಳಿಸಿಕೊಟ್ಟರು. ರಟ್ಟಿನ ಪೆಟ್ಟಿಗೆಯ ಒಂದು ಮೂಲೆಗೆ ಅದನ್ನು ಮರಿಗೂ ರಟ್ಟಿಗೂ ತಾಗದಂತೆ ಇಳಿಬಿಟ್ಟು, ಇನ್ನೊಂದು ಮೂಲೆಯನ್ನು ತಂಪಾಗಿಯೇ ಬಿಟ್ಟೆ. ಹಾಸಿಗೆ ಹಳೆಯ ಹತ್ತಿ ಸೀರೆಯ ತುಂಡು, ದಿನಕ್ಕೆ ಎರಡು ಸಲ ಬದಲು.

ಹೂವಿನಮ್ಮ ಹೊಟ್ಟನ್ನು ದೂರ ಒಯ್ದು ಹೂತು, ಜಾಗವನ್ನು ತೊಳೆದು ಒಣಗಿಸಿ, ಒಣ ಮರದ ಹೊಟ್ಟು ಹಾಸಿದಳು. ಡಾಕ್ಟರು ಹೇಳಿಕೊಟ್ಟ ಇನ್ನೊಂದು ಪರೀಕ್ಷೆ ಆಕೆಗೆ ಬಹಳ ಹಿಡಿಸಿತ್ತು: ಮರಿಯ ಎತ್ತರಕ್ಕೆ ಬಗ್ಗಿ ಮೂಸಬೇಕು, ನಮ್ಮ ಕಣ್ಣು ಉರಿದರೆ ಹಿಕ್ಕೆಯ ಅಮೋನಿಯಾ ಹೆಚ್ಚಾಗಿದೆ ಎಂದರ್ಥ. ನಿಂತವರ ಮೂಗಿಗೆ ಅದು ತಿಳಿಯುವುದಿಲ್ಲ. ದಿನವೂ ಬೆಳಗ್ಗೆ ಆಕೆ ಹಿತ್ತಲಲ್ಲಿ ಮಂಡಿಯೂರಿ ಬಗ್ಗುವುದನ್ನು ನೋಡಿ ಬೀದಿಯವರು ಹೊಸ ವ್ರತವೋ ಎಂದು ಕೇಳಿದರಂತೆ.

ನನ್ನ ಪೆಟ್ಟಿಗೆಯ ಮರಿ ಮೂರನೆಯ ದಿನ ರಾಗಿ ಗಂಜಿಗೆ ಕೊಕ್ಕು ಹಾಕಿತು. ನಾಲ್ಕನೆಯ ದಿನ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ನನ್ನನ್ನು ನೋಡಿ ಚಿಂವ್ ಎಂದಿತು. ಆರನೆಯ ರಾತ್ರಿ ಮತ್ತೆ ಕತ್ತು ನೀಡತೊಡಗಿತು. ಮುಟ್ಟಿದರೆ ಅದಕ್ಕೆ ಇನ್ನಷ್ಟು ಆಯಾಸ; ಮುಟ್ಟದೆ ಪಕ್ಕದಲ್ಲಿ ಕುಳಿತಿದ್ದೆ. ಆ ಮೌನವನ್ನು ಕೇಳುವುದು ಕಷ್ಟ. ಮೂರು ಗಂಟೆಯ ಹೊತ್ತಿಗೆ ತಲೆಯನ್ನು ಸೀರೆಯ ಅಂಚಿನ ಮೇಲಿಟ್ಟಿತು.

ಬೆಳಿಗ್ಗೆ ಹೂವಿನಮ್ಮ ಬಂದಳು. ಹಿತ್ತಲಲ್ಲಿ ದಾಸವಾಳದ ಬುಡದಲ್ಲಿ ತಾನೇ ಗುಂಡಿ ತೋಡಿದಳು. ಆಕೆಯ ಮನೆಯಲ್ಲೂ ನಡುವೆ ಒಂದು ಹೋಗಿತ್ತು, ಹನ್ನೊಂದು ಗಟ್ಟಿಯಾಗಿದ್ದವು. ಕೈ ತೊಳೆದುಕೊಂಡು ಬಾಗಿಲಲ್ಲಿ ನಿಂತು, "ಟೀಚರಮ್ಮ, ಮಳೆ ಜೋರಾಗ್ತಿದೆ. ಆ ಬಲ್ಬು ನಂಗೆ ಕೊಡ್ತೀರಾ?" ಎಂದಳು. ನಾನು ವೈರಿನ ಸಮೇತ ಬಿಚ್ಚಿ ಕೊಟ್ಟೆ.