ಘಮ ಬಂತೇನೋ?

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಹುಡುಗರಿಗೆ ಸಮಾಸ ಬಿಡಿಸಿ ಹೇಳುತ್ತಿರುವ ನನಗೆ, ಗ್ಯಾಸೋ ಕರೆಂಟೋ ಎಂಬ ಮನೆಯ ಪ್ರಶ್ನೆಯನ್ನು ಮಾತ್ರ ಬಿಡಿಸಲಾಗಲಿಲ್ಲ.

ಪ್ರಶ್ನೆ ಹುಟ್ಟಿದ್ದು ಹೀಗೆ. ಒಂದು ಸಂಜೆ ಬಾಗಿಲು ತೆರೆದರೆ ಮನೆಯೆಲ್ಲ ಗ್ಯಾಸಿನ ವಾಸನೆ. ಹಾಲು ಉಕ್ಕಿ ಉರಿ ಆರಿತ್ತು. ಅಮ್ಮ ಪಕ್ಕದಲ್ಲೇ ಕುಳಿತು ಹೂ ಕಟ್ಟುತ್ತಿದ್ದಳು! "ಮಂಪರು ಬಂದಿತ್ತು ಕಣೋ" ಎಂದಳು. ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿಕೊಂಡು ಕಾಯುತ್ತದೆ. ಹಾಯಿದೋಣಿಯಲ್ಲಿ ಲೋಕ ಸುತ್ತುವವರಿಗೂ ಇದೇ ಭಯ. ಚಾಮರಾಜಪೇಟೆಯ ನಮ್ಮ ಅಡಿಗೆಮನೆಯೂ ದೋಣಿಗಿಂತ ದೊಡ್ಡದೇನಲ್ಲ.

ಭಾನುವಾರ ಅಮ್ಮನೊಡನೆ ಕೃಷ್ಣರಾಜ ಮಾರುಕಟ್ಟೆಗೆ ಹೊರಟೆ. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು 1905ರಲ್ಲಿ. ಬೀದಿಯಿಂದ ನಮ್ಮ ಒಲೆಗೆ ಬರಲು ಅದಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಮಲ್ಲಿಗೆಯ ರಾಶಿಯ ಮುಂದೆ ಅಮ್ಮ ನಿಂತು, ಒಂದು ಹಿಡಿ ಮೂಗಿಗೆ ಹಿಡಿದು, "ಚೆನ್ನಾಗಿದೆ" ಎಂದಳು.

ಪಾತ್ರೆ ಅಂಗಡಿಯವನು ನಮ್ಮ ಕೈಗೆ ಒಂದು ಅಯಸ್ಕಾಂತ ಕೊಟ್ಟ. "ಇದು ಅಂಟಿದರೆ ಇಂಡಕ್ಷನ್ ಒಲೆಗೆ ಆಗುತ್ತೆ ಸಾರ್. ತಾಮ್ರ, ಹಿತ್ತಾಳೆ ಆಗಲ್ಲ." ಆ ಒಲೆಯಲ್ಲಿ ಉರಿಯಿಲ್ಲ, ಪಾತ್ರೆಯ ತಳವೇ ಕಾಯಬೇಕು. ಅಮ್ಮ ಕೈಚೀಲದಿಂದ ತನ್ನ ಸಾರಿನ ಈಯದ ಪಾತ್ರೆ ತೆಗೆದಳು. ಅಯಸ್ಕಾಂತ ಜಾರಿ ಬಿತ್ತು. ಅವಳ ಮುಖ ನೋಡಲಾರದೆ ನಾನೆಂದೆ:

"ಬಿಡಮ್ಮ, ಗ್ಯಾಸೇ ಇರಲಿ. ಸೋರಿದರೆ ತಿಳಿಯಲೆಂದೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ."

ಅಮ್ಮ ದನಿ ತಗ್ಗಿಸಿದಳು. "ನನಗೆ ವಾಸನೆ ತಿಳಿಯದೆ ಎರಡು ವರ್ಷವಾಯಿತು ಕಣೋ. ಇಂಗು ಹಾಕುವುದೂ ಅಳತೆಯ ಮೇಲೆ."

"ಹೇಳಲಿಲ್ಲವಲ್ಲಮ್ಮ?"

"ಹೇಳಿದ್ದರೆ ಒಲೆಯ ಹತ್ತಿರ ಬಿಡುತ್ತಿದ್ದೆಯಾ?"

ಮಲ್ಲಿಗೆಯ ರಾಶಿ ನೆನಪಾಯಿತು. ನಾನು ಮಾತಾಡಲಿಲ್ಲ. ಇಂಡಕ್ಷನ್ ಒಲೆಯನ್ನೂ ಅಯಸ್ಕಾಂತ ಅಂಟುವ ಎರಡು ಪಾತ್ರೆಗಳನ್ನೂ ಕಟ್ಟಿಸಿಕೊಂಡೆವು.

ಈಗ ನಾನೂ ನನ್ನಾಕೆಯೂ ಕೆಲಸಕ್ಕೆ ಹೊರಡುವಾಗ ಸಿಲಿಂಡರು ಮುಚ್ಚಿರುತ್ತದೆ. ಹಗಲೆಲ್ಲ ಅಮ್ಮನಿಗೆ ಕರೆಂಟಿನ ಒಲೆ. ಭಾನುವಾರ ಮಾತ್ರ ಈಯದ ಪಾತ್ರೆ ಗ್ಯಾಸಿನ ಮೇಲೇರುತ್ತದೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಸಾರು ಕುದಿಯತೊಡಗಿದಾಗ ಅಮ್ಮ ಕೇಳುತ್ತಾಳೆ:

"ಘಮ ಬಂತೇನೋ?"

ಬಂದ ಕೂಡಲೆ ಹೇಳುತ್ತೇನೆ. ಒಲೆ ಆರಿಸುವುದು ಅವಳೇ.