ಐವತ್ತೈದು ಪೆಟ್ಟು

ಮಕ್ಕಳೇ, ಮೊನ್ನೆ ಮೊಮ್ಮಗಳ ಜೊತೆ ದಾವಣಗೆರೆಯಲ್ಲಿ ನಮ್ಮ ಅಳಿಯನವರ ಲ್ಯಾಬಿಗೆ ಹೋಗಿದ್ದೆ. ರಸ್ತೆಗೆ ಹಾಸುವ ಗರಸನ್ನು ಅಲ್ಲಿ ಪರೀಕ್ಷಿಸುತ್ತಾರೆ.

ಗರಸಿಗೆ ಅಳತೆಯ ನೀರು ಕಲಸಿ, 150 ಮಿ.ಮೀ. ಅಗಲದ ಕಬ್ಬಿಣದ ಅಚ್ಚಿಗೆ ಐದು ಪದರವಾಗಿ ತುಂಬಬೇಕು. ಮಂಡಕ್ಕಿ ಕಲಸುವಾಗ ಶೇಂಗಾ ಎಲ್ಲ ತಳ ಸೇರುತ್ತದಲ್ಲ, ಹಾಗೆ ದಪ್ಪ ಕಲ್ಲು ಒಂದೇ ಕಡೆ ಸೇರಬಾರದು. ಪ್ರತಿ ಪದರಕ್ಕೂ 4.9 ಕೆ.ಜಿ. ತೂಕದ ರ‍್ಯಾಮರ್ 450 ಮಿ.ಮೀ. ಎತ್ತರದಿಂದ 55 ಸಲ ಬೀಳಬೇಕು. ಆಮೇಲೆ ಅಚ್ಚನ್ನು ನಾಲ್ಕು ದಿನ ನೀರಿನಲ್ಲಿಟ್ಟು, ಮಳೆಗಾಲ ತಡೆದೀತೇ ಎಂದು ಒತ್ತಿ ನೋಡುತ್ತಾರೆ.

ಎಣಿಸುವ ಕೆಲಸ ಮೊಮ್ಮಗಳದು. ಮೂರನೇ ಪದರದಲ್ಲಿ ನಾನೇ ಮಾತಿಗೆಳೆದೆ.

“ಮೂವತ್ತೆಂಟೋ, ಮೂವತ್ತೊಂಬತ್ತೋ, ಅಜ್ಜ?”

ಅಳಿಯ ಅಚ್ಚನ್ನೇ ಬರಿದು ಮಾಡಿದರು.

“ಒಂದು ಪೆಟ್ಟು ತಾನೇ?” ಅಂದೆ.

“ಒಂದು ರೂಪಾಯಿ ತಾಳೆಯಾಗದಿದ್ದರೆ ಬ್ಯಾಂಕಿನಿಂದ ಮನೆಗೆ ಬರುತ್ತಿದ್ದಿರಾ, ಮಾವ?”

ಹೊಸ ಗರಸು ಬಂತು. ಮೊಮ್ಮಗಳು ಮತ್ತೆ ಒಂದರಿಂದ ಶುರುಮಾಡಿದಳು. ನಾನು ಬಾಗಿಲಾಚೆ ಹೋಗಿ ಕುಳಿತೆ.